ಖಾಲಿ ಸೈಟಿನ ಪೊದೆ ತೆಗೆಯಲು ಆಡು: ಯಾವ ಗಿಡಕ್ಕೆ, ಎಷ್ಟು ಆಡು, ಎಷ್ಟು ದಿನ

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ಅರ್ಧ ನಿಜ. ಆಡು ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ, ಆದರೆ ಎಲ್ಲವನ್ನೂ ತಿನ್ನುವುದಿಲ್ಲ. ಹೊಸ ಜಾಗಕ್ಕೆ ಬಿಟ್ಟ ಆಡನ್ನು ಹತ್ತು ನಿಮಿಷ ನೋಡುತ್ತ ನಿಂತರೆ ಇದು ಗೊತ್ತಾಗುತ್ತದೆ. ಮೇಲ್ತುಟಿಯನ್ನು ಬೆರಳಿನಂತೆ ಆಡಿಸಿ ತೊಂಡೆಬಳ್ಳಿಯ ಕುಡಿಯನ್ನು ಎಳೆದುಕೊಳ್ಳುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ ಸುಬಾಬುಲ್ ಕಡ್ಡಿಯನ್ನು ಬಾಯಿಗೆ ಅಡ್ಡ ಹಿಡಿದು ಎಲೆಯನ್ನಷ್ಟೇ ಸರ್ರನೆ ಸೀಳಿಕೊಳ್ಳುತ್ತದೆ. ಪಾರ್ಥೇನಿಯಂ ಬಳಿ ಬಂದಾಗ ಮೂಸಿ, ಒಂದು ಸಲ ಸೀನಿ, ಪಕ್ಕಕ್ಕೆ ಸರಿದುಬಿಡುತ್ತದೆ.

ಅಮೆರಿಕದ ಊರುಗಳಲ್ಲಿ ಪೊದೆ ತೆಗೆಸಲು ಆಡುಗಳನ್ನು ಬಾಡಿಗೆಗೆ ತರುವುದು ಈಗ ಒಂದು ಕಸುಬೇ ಆಗಿದೆ. 2019ರಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಪಾರ್ಕಿನ ಇಳಿಜಾರಿಗೆ 24 ಆಡುಗಳನ್ನು ಬಿಟ್ಟಿದ್ದರು. ಅಲ್ಲಿ ಕಾಟ ಕೊಡುವ ಪಾಯ್ಸನ್ ಐವಿ ಬಳ್ಳಿ ಮನುಷ್ಯರ ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ, ಆಡಿಗೆ ಮಾತ್ರ ಅದು ಬರೀ ಮೇವು. ನಮ್ಮ ಊರುಗಳ ಸ್ಥಿತಿ ಬೇರೆ. ಬೆಂಗಳೂರು, ಮೈಸೂರು, ತುಮಕೂರು, ಹುಬ್ಬಳ್ಳಿಯ ಖಾಲಿ ಸೈಟುಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಪಾರ್ಥೇನಿಯಂ ಮತ್ತು ಲಂಟಾನ ಎರಡೂ ಆಡಿಗೂ ವಿಷ. ಹಾಗಾಗಿ ಅಲ್ಲಿನ ಕ್ರಮವನ್ನು ಹಾಗೇ ಎತ್ತಿ ತಂದರೆ ಆಡು ಸಾಯುತ್ತದೆ, ಲಂಟಾನ ಉಳಿಯುತ್ತದೆ.

ಹಾಗಾದರೆ ನಮ್ಮಲ್ಲಿ ಆಡಿನಿಂದ ಏನು ಉಪಯೋಗ? ಪೊದೆಯೊಳಗೆ ಹಬ್ಬಿದ ಬಳ್ಳಿ, ಎತ್ತರದ ಹುಲ್ಲು, ಸುಬಾಬುಲ್, ಎಲಚಿ ಮುಳ್ಳು, ಗೋಡೆ ಬುಡದ ಅರಳಿ ಸಸಿ ಇವೆಲ್ಲವನ್ನೂ ಆಡು ಮೂರು ನಾಲ್ಕು ದಿನದಲ್ಲಿ ಬೋಳಿಸುತ್ತದೆ. ಮನುಷ್ಯ ನುಗ್ಗಲಾಗದ ಜಾಗಕ್ಕೂ ನುಗ್ಗುತ್ತದೆ. ಅದು ಬಿಟ್ಟುಹೋದ ವಿಷದ ಗಿಡಗಳು ಆಗ ಬುಡದವರೆಗೂ ಕಾಣಿಸುತ್ತವೆ, ಗುದ್ದಲಿ ಹಿಡಿದವರ ಕೆಲಸ ಸಲೀಸಾಗುತ್ತದೆ. ಆಡು ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಗುದ್ದಲಿಯದು. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ಗಿಡ ಗುರುತಿಸಿ

ಆಡು ತರುವುದಕ್ಕೆ ಒಂದು ವಾರ ಮುಂಚೆ ಸೈಟನ್ನು ಮೂಲೆಯಿಂದ ಮೂಲೆಗೆ ನಡೆದು ನೋಡಿ. ಉದ್ದ ಪ್ಯಾಂಟು, ಗಮ್ ಬೂಟು, ಕೈಯಲ್ಲಿ ಕೋಲು ಇರಲಿ. ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿರುವ ಸಾಧ್ಯತೆ ಎಲ್ಲ ಊರಲ್ಲೂ ಇದೆ.

ಆಡು ಧಾರಾಳವಾಗಿ ತಿನ್ನುವ ಗಿಡಗಳು: ಸುಬಾಬುಲ್, ಕರಿಜಾಲಿ, ಎಲಚಿ, ಸೀಮೆಹುಣಸೆ, ಆಲ, ಅರಳಿ, ಅತ್ತಿಯ ಸಸಿಗಳು, ಬೇವು, ಉತ್ತರಾಣಿ, ತೊಂಡೆಬಳ್ಳಿ, ಗಿನಿ ಹುಲ್ಲಿನ ಎಳೆ ಗರಿ. ಬಲಿತು ಕಡ್ಡಿಯಾದ ಗಿನಿ ಹುಲ್ಲನ್ನು ತುಳಿದು ಮಲಗಿಸುತ್ತದೆಯೇ ಹೊರತು ತಿನ್ನುವುದಿಲ್ಲ.

ಇವುಗಳಲ್ಲಿ ಸುಬಾಬುಲ್ ಬಗ್ಗೆ ಒಂದು ಎಚ್ಚರಿಕೆ. ಆಡಿಗೆ ಅದರ ರುಚಿ ಎಷ್ಟೆಂದರೆ ಬೇರೆ ಗಿಡ ನೋಡುವುದೇ ಇಲ್ಲ. ಆದರೆ ಅದರ ಎಲೆಯಲ್ಲಿ ಮಿಮೋಸಿನ್ ಎಂಬ ಅಂಶವಿದೆ. ದಿನಗಟ್ಟಲೆ ಅದನ್ನೇ ತಿಂದರೆ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಆಡು ಸೊರಗುತ್ತದೆ. ಈ ಮಿಮೋಸಿನ್ನನ್ನು ಕರಗಿಸುವ ಒಂದು ಬ್ಯಾಕ್ಟೀರಿಯಾ ಕೆಲವು ಆಡುಗಳ ಹೊಟ್ಟೆಯಲ್ಲಿ ಇರುತ್ತದೆ. ಮೊದಲಿಗೆ ಅದು ಪತ್ತೆಯಾದದ್ದು ಹವಾಯಿ ದ್ವೀಪದ ಆಡಿನಲ್ಲಿ. ನೀವು ತರುವ ಆಡಿನ ಹೊಟ್ಟೆಯಲ್ಲಿ ಅದಿದೆಯೋ ಇಲ್ಲವೋ ನೋಡಿ ಹೇಳಲಾಗದು. ಆದ್ದರಿಂದ ದಿನದ ಮೇವಿನಲ್ಲಿ ಸುಬಾಬುಲ್ ಮೂರನೇ ಒಂದು ಪಾಲು ಮೀರದಂತೆ ನೋಡಿಕೊಳ್ಳಿ. ಸೈಟು ತುಂಬ ಅದೇ ಇದ್ದರೆ ಅರ್ಧ ಭಾಗಕ್ಕೆ ಬೇಲಿ ಅಡ್ಡ ಹಾಕಿ, ಒಣಮೇವು ಕೊಟ್ಟು, ಸರದಿಯ ಮೇಲೆ ಬಿಡಿ.

ಇನ್ನು ಆಡು ಒಳಬರುವ ಮೊದಲೇ ಕಿತ್ತು ಹೊರಗೆ ಹಾಕಲೇಬೇಕಾದ ಗಿಡಗಳು. ಕಣಗಿಲೆ ಮೊದಲನೆಯದು. ಕೆಂಪು, ಬಿಳಿ, ಹಳದಿ ಯಾವುದಾದರೂ ಸರಿ, ಕೆಲವೇ ಎಲೆಗಳು ಆಡಿನ ಹೃದಯ ನಿಲ್ಲಿಸಲು ಸಾಕು. ಪಕ್ಕದ ಮನೆಯವರು ಕತ್ತರಿಸಿ ಸೈಟಿಗೆ ಎಸೆದ ಒಣಗಿದ ಕಣಗಿಲೆ ಕೊಂಬೆಯೂ ಅಷ್ಟೇ ವಿಷ, ಅದನ್ನು ಕಸದ ಗುಡ್ಡೆಯಲ್ಲಿ ಹುಡುಕಿ ತೆಗೆಯಬೇಕು. ಹರಳಿನ ಗಿಡವನ್ನು ಕಾಯಿ ಸಮೇತ ತೆಗೆಯಿರಿ, ನೆಲಕ್ಕೆ ಬಿದ್ದ ಬೀಜವನ್ನೂ ಆರಿಸಿ. ಉಮ್ಮತ್ತಿ ಗಿಡ, ಗುಲಗಂಜಿ ಬಳ್ಳಿ ಇದ್ದರೆ ಅವೂ ಹೊರಗೆ. ಕೆರೆ ಅಂಚು, ರಾಜಕಾಲುವೆ ದಂಡೆಯಲ್ಲಿ ಗಂಟೆಯಾಕಾರದ ತಿಳಿನೇರಳೆ ಹೂ ಬಿಡುವ ಐಪೋಮಿಯ ಪೊದೆ ಇರುತ್ತದೆ. ಮೊದಲು ಅದನ್ನು ಮುಟ್ಟದ ಆಡು, ಹಸಿವಿಗೆ ಒಮ್ಮೆ ತಿಂದಿತೆಂದರೆ ಚಟಕ್ಕೆ ಬಿದ್ದಂತೆ ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಕೆಲವು ವಾರಗಳಲ್ಲಿ ನಡಿಗೆ ತೂರಾಡಿ, ತಲೆ ನಡುಗಿ, ಕೊನೆಗೆ ಏಳಲಾರದ ಸ್ಥಿತಿ ಬರುತ್ತದೆ.

ಲಂಟಾನವನ್ನು ಪೂರ್ತಿ ಕಿತ್ತು ಮುಗಿಸಿ ಆಮೇಲೆ ಆಡು ಬಿಡುವುದು ಹೆಚ್ಚಿನ ಕಡೆ ಆಗದ ಮಾತು, ಪೊದೆ ಅಷ್ಟು ದಟ್ಟವಾಗಿರುತ್ತದೆ. ಅಲ್ಲಿ ಬೇರೆ ದಾರಿ ಹಿಡಿಯಬೇಕು. ಆಡಿಗೆ ಯಾವ ಹೊತ್ತಿನಲ್ಲೂ ಬೇರೆ ಮೇವು ಕಡಿಮೆಯಾಗಬಾರದು. ಹೊಟ್ಟೆ ತುಂಬಿದ ಆಡು ಲಂಟಾನವನ್ನು ತಾನಾಗಿ ಬಿಡುತ್ತದೆ. ಹಸಿದ ಆಡು, ಲಂಟಾನ ಕಂಡೇ ಇರದ ಊರಿನಿಂದ ಬಂದ ಆಡು, ಎಳೆಯ ಮರಿ, ಇವು ತಿನ್ನುತ್ತವೆ. ಪಾರ್ಥೇನಿಯಂ ವಿಷಯದಲ್ಲೂ ಇದೇ. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಯ ಮೇಲೆ ಕಂದು ಗೆರೆಗಳ ಪುಟ್ಟ ಜೀರುಂಡೆ ಕಂಡರೆ ಅದಕ್ಕೆ ಔಷಧ ಹೊಡೆಯಬೇಡಿ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೊ ಜೀರುಂಡೆಯ ಸಂತತಿ ಅದು, ಆಡು ಮಾಡದ ಕೆಲಸವನ್ನು ಮಾಡುತ್ತಿರುತ್ತದೆ.

ಬಳ್ಳಾರಿ ಜಾಲಿಯ ತೊಂದರೆ ಇನ್ನೊಂದು ಬಗೆಯದು. ಎಲೆಯನ್ನು ಆಡು ಹೆಚ್ಚು ತಿನ್ನುವುದಿಲ್ಲ, ಹಣ್ಣಾದ ಕಾಯಿಯನ್ನು ಮಾತ್ರ ಬಾಯಿ ಚಪ್ಪರಿಸಿ ತಿನ್ನುತ್ತದೆ. ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ, ಹಿಕ್ಕೆಯ ಜೊತೆ ಹೊರಬಿದ್ದು ಚೆನ್ನಾಗಿಯೇ ಮೊಳೆಯುತ್ತದೆ. ಈ ಗಿಡ ಒಣನಾಡಿನ ಉದ್ದಗಲಕ್ಕೂ ಹಬ್ಬಿದ್ದರಲ್ಲಿ ದನ, ಕುರಿ, ಆಡುಗಳ ಪಾಲು ದೊಡ್ಡದು. ಆದ್ದರಿಂದ ಕಾಯಿ ಹಣ್ಣಾಗಿ ಉದುರುವ ಕಾಲದಲ್ಲಿ ಆ ಸೈಟಿಗೆ ಆಡು ಬಿಡಬೇಡಿ. ಬಿಡಲೇಬೇಕಾದರೆ ಕಾಯಿ ಗುಡಿಸಿ ತೆಗೆದು ಬಿಡಿ, ಅಲ್ಲಿಂದ ಇನ್ನೊಂದು ಸೈಟಿಗೆ ಹೋಗುವ ಮುನ್ನ 4 ದಿನ ದೊಡ್ಡಿಯಲ್ಲಿ ಕೂಡಿಹಾಕಿ ಒಣಮೇವಿನ ಮೇಲಿಡಿ. ಆ 4 ದಿನದ ಹಿಕ್ಕೆಯನ್ನು ತೋಟಕ್ಕೆ ಹಾಕಬೇಡಿ, ಬಿಸಿ ಏರುವ ಗೊಬ್ಬರದ ಗುಂಡಿಯ ನಡುವೆ ಹಾಕಿ ಕೊಳೆಸಿ.

ಲೆಕ್ಕ: ಒಂದು ಚದರ ಮೀಟರು, ಒಂದು ತಕ್ಕಡಿ

"ಎಕರೆಗೆ ಇಷ್ಟು ಆಡು" ಎಂಬ ಸಿದ್ಧ ಸೂತ್ರಗಳು ನಮ್ಮ ಸೈಟುಗಳಿಗೆ ಹೊಂದುವುದಿಲ್ಲ. ಒಂದು ಸೈಟಿನಲ್ಲಿ ಎದೆಮಟ್ಟದ ಬಳ್ಳಿ, ಪಕ್ಕದ್ದರಲ್ಲಿ ಬರೀ ಪಾರ್ಥೇನಿಯಂ. ತೂಗಿ ನೋಡುವುದೇ ಸರಿ.

ಕೋಲುಗಳಿಂದ 1 ಮೀಟರ್ ಉದ್ದಗಲದ ಚೌಕ ಮಾಡಿ. ಪೊದೆ ದಟ್ಟ, ಮಧ್ಯಮ, ತೆಳು ಇರುವ ಮೂರು ಕಡೆ ಅದನ್ನಿಟ್ಟು, ಒಳಗೆ ಆಡು ತಿನ್ನುವಂಥ ಎಲೆ ಮತ್ತು ಪೆನ್ಸಿಲ್ಲಿಗಿಂತ ತೆಳ್ಳಗಿನ ಕಡ್ಡಿಗಳನ್ನಷ್ಟೇ 5 ಅಡಿ ಎತ್ತರದವರೆಗೆ ಕತ್ತರಿಸಿ ತೂಗಿ. ಹಿಂಗಾಲ ಮೇಲೆ ನಿಂತ ಆಡಿಗೆ ಎಟುಕುವುದು ಹೆಚ್ಚುಕಡಿಮೆ ಅಷ್ಟು. ಲಂಟಾನ, ಪಾರ್ಥೇನಿಯಂ ತೂಕಕ್ಕೆ ಸೇರಿಸಬೇಡಿ. ಮೂರರ ಸರಾಸರಿ ತೆಗೆಯಿರಿ.

30 ಕಿಲೋ ತೂಕದ ಆಡು ದಿನಕ್ಕೆ ತನ್ನ ಮೈತೂಕದ ಶೇ. 3ರಿಂದ 4ರಷ್ಟು ಒಣಪದಾರ್ಥ ತಿನ್ನುತ್ತದೆ, ಅಂದರೆ ಸುಮಾರು 1 ಕಿಲೋ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಆದ್ದರಿಂದ ಅದು 4 ಕಿಲೋ ಹಸಿ ಸೊಪ್ಪಿಗೆ ಸಮ.

60×40 ಅಡಿಯ ಸೈಟು ಎಂದುಕೊಳ್ಳಿ. 2,400 ಚದರಡಿ, ಅಂದರೆ 223 ಚದರ ಮೀಟರ್. ನಿಮ್ಮ ಸರಾಸರಿ 1.2 ಕಿಲೋ ಬಂದಿದ್ದರೆ ಒಟ್ಟು 268 ಕಿಲೋ ಮೇವಿದೆ. ಅದರಲ್ಲಿ ಐದರಲ್ಲೊಂದು ಪಾಲನ್ನು ಬಿಟ್ಟುಬಿಡಿ, 214 ಕಿಲೋ ಉಳಿಯಿತು. 12 ಆಡು ದಿನಕ್ಕೆ 48 ಕಿಲೋ ತಿನ್ನುತ್ತವೆ. ನಾಲ್ಕೂವರೆ ದಿನದ ಮೇವು. ತುಳಿದು ಹಾಳಾಗುವುದೂ ಇರುವುದರಿಂದ ನಾಲ್ಕು ದಿನಕ್ಕೇ ಒಪ್ಪಂದ ಮಾಡಿಕೊಳ್ಳಿ.

ಆ ಐದನೇ ಪಾಲನ್ನು ಬಿಡುವುದು ಏಕೆಂದರೆ, ಇಷ್ಟದ ಸೊಪ್ಪು ಮುಗಿದ ದಿನವೇ ಆಡು ಮರದ ತೊಗಟೆಗೆ ಬಾಯಿ ಹಾಕುವುದು, ಲಂಟಾನಕ್ಕೆ ತಿರುಗುವುದು, ಬೇಲಿ ಹಾರುವುದು. ಮೂರೂ ಒಟ್ಟಿಗೆ ಶುರುವಾಗುತ್ತವೆ. "ಇನ್ನೊಂದು ದಿನ ಬಿಟ್ಟರೆ ಪೂರಾ ಚೊಕ್ಕವಾಗುತ್ತದೆ" ಎನ್ನುವ ಆಸೆಯಿಂದಲೇ ಈ ಕೆಲಸದಲ್ಲಿ ಎಷ್ಟೋ ಆಡುಗಳು ಸಾಯುತ್ತವೆ.

ಆಡು ಕಡಿಮೆಯಾಗಿ ದಿನ ಹೆಚ್ಚಾದರೂ ಕೆಲಸ ಕೆಡುತ್ತದೆ. ಎರಡು ಆಡನ್ನು ತಿಂಗಳು ಬಿಟ್ಟರೆ ಅವು ರುಚಿಯಾದದ್ದನ್ನು ಆರಿಸಿ ತಿನ್ನುತ್ತ, ಅದು ಚಿಗುರಿದಂತೆಲ್ಲ ಮತ್ತೆ ಅದನ್ನೇ ತಿನ್ನುತ್ತ, ಬೇಡದ್ದನ್ನು ಬೆಳೆಯಲು ಬಿಡುತ್ತವೆ. ಗುಂಪಿನಲ್ಲಿ ಪೈಪೋಟಿ ಇದ್ದಾಗ ಆರಿಸುವ ಪುರುಸೊತ್ತು ಇರುವುದಿಲ್ಲ. ಒಂದು ಎಕರೆಯಷ್ಟು ದೊಡ್ಡ ಜಾಗವಾದರೆ ಒಮ್ಮೆಗೇ ಬಿಡದೆ, 3–4 ದಿನಕ್ಕೆ ಮುಗಿಯುವಂಥ ತುಂಡುಗಳಾಗಿ ಬೇಲಿ ಸರಿಸುತ್ತ ಹೋಗಿ.

ಯಾರ ಆಡು, ಎಂಥ ಆಡು

ಆಡು ಕೊಳ್ಳಬೇಡಿ. ಹೊಲದಲ್ಲಿ ಕುರಿ ಮಂದೆ ಹಾಕಿಸಿ ಗೊಬ್ಬರಕ್ಕೆ ದುಡ್ಡನ್ನೋ ಕಾಳನ್ನೋ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು, ಇದೂ ಅದರದೇ ಇನ್ನೊಂದು ರೂಪ. ಊರ ಅಂಚಿನ ಹಳ್ಳಿಗಳಲ್ಲಿ ಆಡು ಸಾಕುವವರ ಜೊತೆ ಮಾತಾಡಿ. ಅವರಿಗೆ ಮೇವಿನ ಜಾಗ ದಿನೇ ದಿನೇ ಕಮ್ಮಿಯಾಗುತ್ತಿದೆ, ನಿಮಗೆ ಪೊದೆ ತೆಗೆಯಬೇಕಿದೆ. ಕೂಲಿಯನ್ನು ದಿನದ ಲೆಕ್ಕಕ್ಕಿಂತ ಸೈಟಿನ ಲೆಕ್ಕದಲ್ಲಿ ಗೊತ್ತು ಮಾಡಿ, ಆಗ ದಿನ ಎಳೆಯುವ ಒತ್ತಡ ಇಬ್ಬರಿಗೂ ಇರುವುದಿಲ್ಲ. ಆಡು ಸತ್ತರೆ ನಷ್ಟ ಯಾರದು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಿ. ಸೈಟಿನ ವಿಷದ ಗಿಡದಿಂದಲೋ ನಾಯಿಯಿಂದಲೋ ಸತ್ತರೆ ಕರೆಸಿದವರು ಭರಿಸುವುದು ನ್ಯಾಯ. ಆ ಮನೆಗೆ ಒಂದು ಆಡು ಎಂದರೆ ಮಗುವಿನ ಶಾಲೆಯ ಶುಲ್ಕ.

ತಳಿ ದೊಡ್ಡ ವಿಷಯವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನಂದಿದುರ್ಗ ಆಡು, ಬೀದರ್ ಕಡೆಯ ಬಿದ್ರಿ, ಉತ್ತರದ ಉಸ್ಮಾನಾಬಾದಿ ಯಾವುದಾದರೂ ಆದೀತು. ಆ ಪ್ರದೇಶದ ಗಿಡಗಳನ್ನು ಕಂಡು ಬೆಳೆದಿರಬೇಕು, ಅದು ಮುಖ್ಯ. ಬೀಜ ಒಡೆಸಿದ ಹೋತ ಮತ್ತು ಹಾಲು ಬತ್ತಿದ ಆಡುಗಳು ಈ ಕೆಲಸಕ್ಕೆ ಚೆನ್ನ. ಗಬ್ಬದ ಆಡು, ಹಾಲು ಕೊಡುವ ಆಡು, ನಾಲ್ಕು ತಿಂಗಳೊಳಗಿನ ಮರಿ ಬೇಡ. ಬೀಜದ ಹೋತವೂ ಬೇಡ, ವಾಸನೆಗೆ ಬೀದಿಯವರೆಲ್ಲ ತಕರಾರು ತೆಗೆಯುತ್ತಾರೆ. ಕುರಿಯನ್ನು ಬದಲಿಗೆ ತರುತ್ತೇವೆ ಎಂದರೆ ಒಪ್ಪಬೇಡಿ. ಕುರಿ ನೆಲ ನೋಡಿ ಹುಲ್ಲು ಮೇಯುತ್ತದೆ, ತಲೆ ಎತ್ತಿ ಪೊದೆಗೆ ಬಾಯಿ ಹಾಕುವುದು ಆಡು.

ಪಿಪಿಆರ್ (ಆಡು, ಕುರಿಗಳ ಪ್ಲೇಗ್), ಕರುಳುಬೇನೆ, ಕಾಲುಬಾಯಿ ರೋಗದ ಲಸಿಕೆ ಆಗಿರಬೇಕು, ಜಂತುನಾಶಕ ಹಾಕಿರಬೇಕು. ವಾಹನದಲ್ಲಿ ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ, ಒಂದು ಆಡಿಗೆ ಸುಮಾರು 3 ಚದರಡಿ ಜಾಗ ಸಿಗುವಂತೆ ತುಂಬಿ.

ಅನುಮತಿಯ ಮಾತು ಚುಟುಕಾಗಿ: ಸೈಟಿನ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಪಾರ್ಕು, ಕೆರೆ, ಕಾಲುವೆ ದಂಡೆಯಾದರೆ ಅದನ್ನು ನೋಡಿಕೊಳ್ಳುವ ಇಲಾಖೆಯ ಲಿಖಿತ ಅನುಮತಿ ಬೇಕು. ದೊಡ್ಡ ಮರಗಳಿಗೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆಡು ತೊಗಟೆ ಸುಲಿದು ಮರ ಒಣಗಿದರೆ ಉತ್ತರ ಹೇಳಬೇಕಾದವರು ನೀವು. ಆದ್ದರಿಂದ ಉಳಿಸಬೇಕಾದ ಪ್ರತಿ ಮರದ ಕಾಂಡಕ್ಕೂ 5 ಅಡಿ ಎತ್ತರದವರೆಗೆ ಜಾಲರಿ ಸುತ್ತಿ. ಗೋಣಿಚೀಲ ಸುತ್ತಿದರೆ ಸಾಲದು, ಅದನ್ನೂ ಎಳೆದು ತಿನ್ನುತ್ತವೆ.

ಸೈಟು ಸಿದ್ಧಮಾಡುವುದು

ಹಳ್ಳಿಯ ಗೋಮಾಳಕ್ಕೂ ಊರ ಸೈಟಿಗೂ ಇರುವ ದೊಡ್ಡ ವ್ಯತ್ಯಾಸ ಕಸ. ಪ್ಲಾಸ್ಟಿಕ್ ಚೀಲದಲ್ಲಿ ಅನ್ನದ ವಾಸನೆ ಇದ್ದರೆ ಆಡು ಚೀಲವನ್ನೇ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿದ್ದು ತಿಂಗಳುಗಳ ನಂತರ ಗೊತ್ತಾಗುತ್ತದೆ, ಅಷ್ಟರಲ್ಲಿ ಆಡು ತನ್ನ ಹಟ್ಟಿಗೆ ಮರಳಿ ಕಾರಣ ತಿಳಿಯದೆ ಸೊರಗಿರುತ್ತದೆ. ಇಬ್ಬರು ಆಳು ಒಂದು ದಿನ ಬರೀ ಕಸ ಆರಿಸಲಿ. ಪ್ಲಾಸ್ಟಿಕ್, ಗಾಜು, ಬೈಂಡಿಂಗ್ ತಂತಿ, ಮೊಳೆ, ಗಾಳಿಪಟದ ದಾರ, ಬಣ್ಣದ ಡಬ್ಬ, ಸಿಮೆಂಟ್ ಚೀಲ ಎಲ್ಲ ಹೊರಗೆ ಹೋಗಲಿ. ಇಲಿ ಪಾಷಾಣ ಇಟ್ಟಿದ್ದಾರೆಯೇ, ಕಳೆನಾಶಕ ಹೊಡೆದಿದ್ದಾರೆಯೇ ಎಂದು ಅಕ್ಕಪಕ್ಕದ ಮನೆಗಳಲ್ಲಿ ಬಾಗಿಲು ತಟ್ಟಿ ಕೇಳಿ. ಕಳೆನಾಶಕ ಹೊಡೆದಿದ್ದರೆ ಆ ಹಂಗಾಮಿಗೆ ಅಲ್ಲಿ ಆಡು ಬೇಡ.

ಮುಚ್ಚದ ಪಾಯದ ಗುಂಡಿ, ಒಡೆದ ಚೇಂಬರ್ ಮೇಲೆ ಹಲಗೆ ಹಾಕಿ ಕಲ್ಲು ಹೇರಿ. ಚರಂಡಿ ನೀರು ಸೈಟಿಗೆ ಹರಿಯುತ್ತಿದ್ದರೆ ಅಲ್ಲಿ ಹುಲುಸಾಗಿ ಬೆಳೆದ ಮುಳ್ಳುಹರಿವೆಯನ್ನು ಮೊದಲೇ ಕಿತ್ತುಹಾಕಿ. ಕೊಳಚೆಯಲ್ಲಿ ಬೆಳೆದ ಹರಿವೆ ಎಲೆ, ದಂಟುಗಳಲ್ಲಿ ನೈಟ್ರೇಟ್ ತುಂಬಿಕೊಂಡಿರುತ್ತದೆ. ಹೆಚ್ಚು ತಿಂದ ಆಡು ಏದುಸಿರು ಬಿಡುತ್ತ ಗಂಟೆಗಳಲ್ಲಿ ಸಾಯಬಹುದು, ರಕ್ತ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ.

ಬೇಲಿ

ಮೂರು ಕಡೆ ಕಾಂಪೌಂಡ್ ಇರುವ ಸೈಟಿಗೆ ಬೀದಿಯ ಕಡೆಗಷ್ಟೇ ಬೇಲಿ ಸಾಕು. 4 ಅಡಿ ಎತ್ತರದ ವೆಲ್ಡ್ ಮೆಶ್, 8 ಅಡಿಗೊಂದು ಸರ್ವೆ ಕಂಬ, ಮೆಶ್‌ನ ಬುಡಕ್ಕೆ ಮೂರಡಿಗೊಂದು ಗೂಟ. ಆಡು ಹಾರುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ನುಸುಳುತ್ತದೆ, ನಾಯಿಯೂ ಅಲ್ಲಿಂದಲೇ ಒಳಗೆ ಬರುತ್ತದೆ. ಮೆಶ್ ಕಣ್ಣು 2 ಇಂಚಿನದಾಗಿರಲಿ. 4–6 ಇಂಚಿನ ಕಣ್ಣಾದರೆ ಆಡು ತಲೆ ತೂರಿಸುತ್ತದೆ, ಕೊಂಬು ಸಿಕ್ಕಿಕೊಂಡು ಹೊರಗೆ ಬಾರದು, ಆ ಹೊತ್ತಿಗೆ ಬೀದಿನಾಯಿ ಬಂದರೆ ಮುಖವೇ ಅದರ ಬಾಯಿಗೆ ಸಿಗುತ್ತದೆ. ಬೇಲಿಯ ಒಳಬದಿಗೆ ಇಟ್ಟಿಗೆ, ಮರಳಿನ ಗುಡ್ಡೆ ಇದ್ದರೆ ಸರಿಸಿ. ಆಡಿಗೆ ಅದು ಮೆಟ್ಟಿಲು.

ದೊಡ್ಡ ಜಾಗದಲ್ಲಿ ಸರಿಸುತ್ತ ಹೋಗುವ ಬೇಲಿಗೆ ವಿದ್ಯುತ್ ಬಲೆ ಅನುಕೂಲ. ಇದಕ್ಕೆ ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹೊಡೆತ ಕೊಡುವ ಝಟ್ಕಾ ಮಷೀನನ್ನೇ ಬಳಸಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಮನುಷ್ಯರು ಸಾಯುತ್ತಾರೆ. ಬೇಲಿಯ ಕೊನೆಯ ತುದಿಯಲ್ಲಿ ಮೀಟರಿನಿಂದ ನೋಡಿದಾಗ 4,000 ವೋಲ್ಟ್ ಇರಬೇಕು. ಕಡಿಮೆ ತೋರಿಸಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಎರಡರಲ್ಲೊಂದು: ಹಸಿ ಹುಲ್ಲು ತಂತಿಗೆ ತಾಗುತ್ತಿದೆ, ಇಲ್ಲವೇ ಅರ್ತಿಂಗ್ ಸರಿಯಿಲ್ಲ. ಬೇಲಿಯ ಸಾಲಿನಲ್ಲಿ ಎರಡಡಿ ಅಗಲಕ್ಕೆ ಹುಲ್ಲು ಸವರಿ. ಅರ್ತಿಂಗಿಗೆ 3 ಅಡಿ ಉದ್ದದ ಮೂರು ಸರಳುಗಳನ್ನು ಹತ್ತಡಿ ಅಂತರದಲ್ಲಿ ಹುಗಿದು ಜೋಡಿಸಿ, ಬೇಸಿಗೆಯಲ್ಲಿ ಅವುಗಳ ಬುಡಕ್ಕೆ ನೀರು ಹಾಕಿ. ಝಟ್ಕಾ ಎಂದರೇನೆಂದು ಗೊತ್ತಿಲ್ಲದ ಆಡು ಹೊಡೆತ ಬಿದ್ದಾಗ ಹಿಂದಕ್ಕೆ ಸರಿಯದೆ ಮುಂದಕ್ಕೇ ನುಗ್ಗಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಹಟ್ಟಿಯಲ್ಲೇ ಎರಡು ದಿನ ರೂಢಿ ಮಾಡಿಸಿ ತನ್ನಿ. ಮಕ್ಕಳು ಆಡುವ ಓಣಿಯಲ್ಲಿ ವಿದ್ಯುತ್ ಬಲೆ ಬೇಡವೇ ಬೇಡ, ಮೆಶ್ ಹಾಕಿ.

ನಾಲ್ಕು ದಿನದ ಕ್ರಮ

ಬೆಳಿಗ್ಗೆ ಹಟ್ಟಿಯಲ್ಲಿ ರಾಗಿಹುಲ್ಲು ಅಥವಾ ಒಣಗಿದ ಕಡಲೆಕಾಯಿ ಬಳ್ಳಿ ತಿನ್ನಿಸಿ, ಅರ್ಧ ಹೊಟ್ಟೆ ತುಂಬಿಸಿ ಕರೆತನ್ನಿ. ಇಬ್ಬನಿ ಆರಿದ ಮೇಲೆ, 9–10 ಗಂಟೆಗೆ ಒಳಗೆ ಬಿಡಿ. ಒದ್ದೆ ಹುಲ್ಲಿನಲ್ಲಿ ಜಂತುಹುಳದ ಮರಿಗಳು ಗರಿಯ ಮೇಲಕ್ಕೆ ಹತ್ತಿರುತ್ತವೆ, ಹೊಟ್ಟೆ ಉಬ್ಬರವೂ ಒದ್ದೆ ಎಳೆಸೊಪ್ಪಿನಿಂದಲೇ ಹೆಚ್ಚು. ಮೊದಲ ದಿನ 3–4 ಗಂಟೆ ಮಾತ್ರ. ಹೊಸ ಮೇವಿಗೆ ಹೊಟ್ಟೆ ಹೊಂದಿಕೊಳ್ಳಲು ಅಷ್ಟಾದರೂ ಸಮಯ ಬೇಕು. ಎರಡನೇ ದಿನದಿಂದ ಸಂಜೆ 5ರವರೆಗೆ ಬಿಡಬಹುದು.

ಮಧ್ಯಾಹ್ನ ಮೆಲುಕು ಹಾಕಲು ನೆರಳು ಬೇಕು. ಮರವಿಲ್ಲದಿದ್ದರೆ ಒಂದು ಟಾರ್ಪಾಲು ಕಟ್ಟಿ. ಮಳೆ ಬಂದರೂ ಅದೇ ಆಸರೆ, ಆಡಿಗೆ ಮಳೆ ಸ್ವಲ್ಪವೂ ಆಗದು. ನೀರು ಆಡಿಗೆ 4–5 ಲೀಟರಿನಂತೆ, 12ಕ್ಕೆ 60 ಲೀಟರ್. ಬೇಸಿಗೆಯಲ್ಲಿ ಅದರ ಒಂದೂವರೆ ಪಟ್ಟು. ಎರಡು ಬಾನಿಗಳಲ್ಲಿ ಎರಡು ಮೂಲೆಗಿಡಿ. ಒಂದೇ ಬಾನಿಯಾದರೆ ಜೋರಿನ ಆಡು ಉಳಿದವನ್ನು ಹತ್ತಿರ ಸೇರಿಸದು. ಒಂದು ಹಿಕ್ಕೆ ಬಿದ್ದರೂ ಆ ನೀರನ್ನು ಕುಡಿಯುವುದಿಲ್ಲ, ಆಗಾಗ ಚೆಲ್ಲಿ ತುಂಬಿಸಿ.

ಮೇಯಿಸುವವರು ಇಡೀ ದಿನ ಸ್ಥಳದಲ್ಲಿರಬೇಕು. ರಾತ್ರಿ ಆಡುಗಳನ್ನು ಸೈಟಿನಲ್ಲಿ ಬಿಡಬೇಡಿ. ಹಿಂಡು ಕಟ್ಟಿಕೊಂಡು ಬರುವ ಬೀದಿನಾಯಿಗಳು ಒಂದೇ ರಾತ್ರಿ ಅಷ್ಟನ್ನೂ ಮುಗಿಸಬಲ್ಲವು. ಬಾಗಿಲಿರುವ ಶೆಡ್ಡು, ಕಟ್ಟಡದ ನೆಲಮಾಳಿಗೆ, ಯಾವುದಾದರೂ ಭದ್ರವಾದ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ.

ಪ್ರತಿ ಸಂಜೆ ಹೊರಗೆ ತರುವಾಗ ಒಂದೊಂದನ್ನೂ ನೋಡಿ. ಎಡ ಪಕ್ಕೆಯ ಗುಳಿ ತುಂಬಿದ್ದರೆ ಮೇವು ಸಾಕಾಗಿದೆ. ಗುಳಿ ಒಳಕ್ಕೆ ಬಿದ್ದಿದ್ದರೆ ಮೇವು ಮುಗಿಯುತ್ತ ಬಂದಿದೆ, ಮರುದಿನ ಸಂಖ್ಯೆ ಇಳಿಸಿ ಅಥವಾ ಕೆಲಸ ನಿಲ್ಲಿಸಿ. ಡೋಲಿನಂತೆ ಬಿಗಿದು ಉಬ್ಬಿದ್ದರೆ ಅದು ಉಬ್ಬರ.

ಏನು ಕೆಡುತ್ತದೆ, ಆಗ ಏನು ಮಾಡಬೇಕು

ಊರಿನಲ್ಲಿ ಆಡಿಗೆ ವಿಷದ ಗಿಡಕ್ಕಿಂತ ಹೆಚ್ಚು ಅಪಾಯ ಅನ್ನದಿಂದ. ಆಡು ಬಂದಿದೆ ಎಂದರೆ ಬೀದಿಯ ಮಕ್ಕಳು, ಅಜ್ಜಿಯರು ಪ್ರೀತಿಯಿಂದ ಮಿಕ್ಕ ಅನ್ನ, ಇಡ್ಲಿ, ಚಪಾತಿ ತಂದು ಬೇಲಿಯಾಚೆಯಿಂದ ಹಾಕುತ್ತಾರೆ. ಬೆಂದ ಕಾಳುಧಾನ್ಯ ಒಮ್ಮೆಲೇ ಹೆಚ್ಚು ತಿಂದರೆ ಮೊದಲ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ನೀರಿನಂಥ ಭೇದಿಯಾಗಿ, ಒಂದೆರಡು ದಿನದಲ್ಲಿ ಸಾವು. "ದಯವಿಟ್ಟು ಅನ್ನ, ಇಡ್ಲಿ, ಚಪಾತಿ, ಬಾಳೆಹಣ್ಣು ಹಾಕಬೇಡಿ, ಆಡು ಸಾಯುತ್ತದೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಮೂರು ಕಡೆ ತೂಗುಹಾಕಿ, ಹಿಂದಿನ ಸಂಜೆ ಮನೆಮನೆಗೆ ಹೋಗಿ ಬಾಯಲ್ಲೂ ಹೇಳಿ. ತಿಂದದ್ದು ತಕ್ಷಣ ಗೊತ್ತಾದರೆ 15 ಗ್ರಾಂ ಅಡುಗೆ ಸೋಡಾವನ್ನು ಕಾಲು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಿ, ವೈದ್ಯರಿಗೆ ಫೋನು ಮಾಡಿ. ಪಶುವೈದ್ಯಕೀಯ ಸಹಾಯವಾಣಿ 1962.

ಉಬ್ಬರಕ್ಕೆ 50ರಿಂದ 100 ಮಿಲಿಲೀಟರ್ ಅಡುಗೆ ಎಣ್ಣೆ ಕುಡಿಸಿ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಎಡ ಪಕ್ಕೆಯನ್ನು ಉಜ್ಜಿ. ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಉಬ್ಬರಕ್ಕಿಂತ ಕೆಟ್ಟದ್ದಾಗುತ್ತದೆ.

ಲಂಟಾನ ತಿಂದದ್ದು ಅದೇ ದಿನ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಆಡು ಮೇವು ಬಿಡುತ್ತದೆ, ಹಿಕ್ಕೆ ಕಟ್ಟುತ್ತದೆ, ಮೂತ್ರ ಗಾಢವಾಗುತ್ತದೆ, ಕಣ್ಣಿನ ಒಳಗೆಂಪು ಹಳದಿಯಾಗುತ್ತದೆ. ಬಿಸಿಲಿಗೆ ನಿಂತರೆ ಮೂತಿ, ಕಿವಿ ಕೆಂಪಾಗಿ ಚರ್ಮ ಬಿರಿಯುತ್ತದೆ. ಯಕೃತ್ತು ಕೆಟ್ಟಾಗ ಸೊಪ್ಪಿನ ಹಸಿರಿನಿಂದ ಬರುವ ಒಂದು ವಸ್ತು ರಕ್ತದಲ್ಲೇ ಉಳಿದು ಬಿಸಿಲಿಗೆ ಚರ್ಮವನ್ನು ಸುಡುವುದು ಇದಕ್ಕೆ ಕಾರಣ. ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿ, ತಡಮಾಡದೆ ವೈದ್ಯರನ್ನು ಕರೆಸಿ. ಹೊಟ್ಟೆಯಲ್ಲಿ ಉಳಿದ ಎಲೆಯಿಂದ ವಿಷ ದಿನಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಆದ್ದರಿಂದ ತಡವಾಗಿ ಕರೆದರೂ ಇದ್ದಿಲಿನ ಚಿಕಿತ್ಸೆಯಿಂದ ಪ್ರಯೋಜನ ಸಿಗುವುದುಂಟು. ಕಣಗಿಲೆಯಲ್ಲಿ ಅಂಥ ಅವಕಾಶ ಇಲ್ಲವೆಂದೇ ಹೇಳಬೇಕು.

ಆಡು ಹೋದ ವಾರದಲ್ಲೇ

ಇಲ್ಲಿ ಕೈಬಿಟ್ಟರೆ ಹಿಂದಿನದೆಲ್ಲ ವ್ಯರ್ಥ. ಬಳ್ಳಿ, ಹುಲ್ಲು ಹೋಗಿ ಬೆಳಕು ನೆಲಕ್ಕೆ ಬಿದ್ದ ಕೂಡಲೇ ಪಾರ್ಥೇನಿಯಂ ಬೀಜ ಮೊಳೆಯುತ್ತದೆ, ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸಿರುತ್ತದೆ. ಇದ್ದ ಗಿಡಗಳನ್ನು ಹೂ ಬಿಡುವ ಮೊದಲು, ನೆಲ ಒದ್ದೆಯಿದ್ದಾಗ, ಬೇರು ಸಮೇತ ಕೀಳಿ. ಕೈಗವಸು, ಉದ್ದ ತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ.

ಲಂಟಾನವನ್ನು ಮಚ್ಚಿನಿಂದ ನೆಲಮಟ್ಟಕ್ಕೆ ಕಡಿದರೆ ಒಂದರ ಜಾಗದಲ್ಲಿ ಹತ್ತು ಚಿಗುರುತ್ತವೆ. ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಸೇರುವ ಗಂಟಿನಲ್ಲಿ. ಗುದ್ದಲಿಯಿಂದ ಬುಡದ ಮಣ್ಣು ಬಿಡಿಸಿ, ಆ ಗಂಟಿನ ಕೆಳಗೆ, ನೆಲದಿಂದ 3–5 ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ಬೇರು ಮೇಲಾಗುವಂತೆ ತಲೆಕೆಳಗಾಗಿ ಇಡಿ. ಬುಡ ಮಣ್ಣಿಗೆ ತಾಗದೆ ಒಣಗುತ್ತದೆ. ಆಳದಲ್ಲಿ ಉಳಿದ ಬೇರು ಚಿಗುರುವುದಿಲ್ಲ. ಬಳ್ಳಾರಿ ಜಾಲಿಯನ್ನೂ ಬುಡದ ಗಂಟು ಸಮೇತ ಅಗೆದೇ ತೆಗೆಯಬೇಕು, ಹಾರೆ ಬೇಕಾಗುತ್ತದೆ.

ಸುಬಾಬುಲ್ ಬೊಡ್ಡೆ ಅಗೆಯುವ ಶ್ರಮ ಬೇಡ. ಮೊಣಕಾಲ ಮಟ್ಟಕ್ಕೆ ಕಡಿದು ಬಿಡಿ, ಚಿಗುರಲಿ. ಆ ಚಿಗುರು ಒಂದಡಿ ಆದಾಗ, ಸುಮಾರು ಆರರಿಂದ ಎಂಟು ವಾರಕ್ಕೆ, ಎರಡನೇ ಸಲ ಆಡು ತನ್ನಿ. ಬೇರಿನಲ್ಲಿ ಕೂಡಿಟ್ಟ ಶಕ್ತಿ ಖರ್ಚು ಮಾಡಿ ಗಿಡ ಎಲೆ ಬಿಡುತ್ತದೆ, ಆ ಎಲೆ ಗಿಡಕ್ಕೆ ಶಕ್ತಿ ಮರಳಿಸುವ ಮೊದಲೇ ಆಡು ತಿಂದುಬಿಡುತ್ತದೆ. ವರ್ಷಕ್ಕೆ ಮೂರು ಸಲ ಹೀಗಾದರೆ ಗಿಡ ಗಿಡ್ಡಾಗಿಯೇ ಉಳಿಯುತ್ತದೆ, ಬೊಡ್ಡೆ ಮಾತ್ರ ಸುಲಭಕ್ಕೆ ಸಾಯುವುದಿಲ್ಲ. ಎರಡನೇ ಸಲ ಬರುವಷ್ಟರಲ್ಲಿ ಹಿಂದಿನ ಹಿಕ್ಕೆಯ ಜಂತುಹುಳದ ಮರಿಗಳೂ ಬಹುಪಾಲು ಸತ್ತಿರುತ್ತವೆ. ಕಾಲ ನೋಡಿಕೊಳ್ಳುವುದಾದರೆ ಮೊದಲ ಸಲ ಜುಲೈ ಕೊನೆ, ಎರಡನೆಯದು ಸೆಪ್ಟೆಂಬರ್ ನಡುವೆ, ಮೂರನೆಯದು ಹಿಂಗಾರು ಮುಗಿದ ನವೆಂಬರ್ ಕೊನೆಗೆ.

ಹಿಕ್ಕೆ ಆಡಿಗೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚೇ ಬೀಳುತ್ತದೆ. ಗುಡಿಸಿ ಗುಡ್ಡೆ ಮಾಡಿದರೆ ಅಕ್ಕಪಕ್ಕದವರು ಗಿಡಗಳಿಗೆ ಒಯ್ಯುತ್ತಾರೆ, ಜಾಲಿ ಕಾಯಿ ತಿಂದ ಆಡಿನದಾದರೆ ಮಾತ್ರ ಕೊಡಬೇಡಿ. ಖಾಲಿಯಾದ ನೆಲವನ್ನು ಹಾಗೇ ಬಿಡದೆ ಮೊದಲ ಮಳೆಗೆ ಹುರುಳಿಯನ್ನೋ ಅಲಸಂದೆಯನ್ನೋ ಎರಚಿ. ಅದು ನೆಲ ಮುಚ್ಚಿ ಪಾರ್ಥೇನಿಯಂಗೆ ಬೆಳಕು ತಪ್ಪಿಸುತ್ತದೆ, ಮುಂದಿನ ಸಲ ಬರುವ ಆಡಿಗೆ ಮೇವೂ ಆಗುತ್ತದೆ. ಆದರೆ ಎಳೆ ಅಲಸಂದೆಯ ಮೇಲೆ ಹಸಿದ ಆಡನ್ನು ಬಿಟ್ಟರೆ ಉಬ್ಬರ ಗ್ಯಾರಂಟಿ, ಆವತ್ತು ಒಣಮೇವು ಸ್ವಲ್ಪ ಹೆಚ್ಚೇ ತಿನ್ನಿಸಿ ತನ್ನಿ.

ಪ್ರತಿ ಸಲವೂ ಅದೇ ಮೂರು ಜಾಗದಲ್ಲಿ ಚೌಕ ಇಟ್ಟು ಕತ್ತರಿಸಿ ತೂಗಿ, ಬರೆದಿಡಿ. 1.2 ಕಿಲೋ ಇದ್ದದ್ದು ಅರ್ಧ ಕಿಲೋಗೆ ಇಳಿದಿದ್ದರೆ 12ರ ಬದಲು 6 ಆಡು ತನ್ನಿ, ಅಥವಾ 12ನ್ನೇ ಎರಡು ದಿನಕ್ಕೆ ತನ್ನಿ. ಹಳೆಯ ಲೆಕ್ಕದಂತೆ ನಾಲ್ಕು ದಿನ ಬಿಟ್ಟರೆ ಮೂರನೇ ದಿನವೇ ಅವು ತೊಗಟೆಗೂ ಲಂಟಾನಕ್ಕೂ ತಿರುಗುತ್ತವೆ.